ಸಹಾಯ ಬೇಕು: ಗೈರಾದ ಮಗುವಿನ ಜಾಗವನ್ನು ಎಷ್ಟು ಕಾಲ ಕಾಯ್ದಿರಿಸಬೇಕು?

ವಸತಿಹೀನ ಕುಟುಂಬಗಳ ಪುಟ್ಟ ಮಕ್ಕಳಿಗಾಗಿ ನಮ್ಮ ಸೇವಾಸಂಸ್ಥೆಯು ಉಚಿತ ಶಿಶುಪಾಲನಾ ಕೇಂದ್ರವೊಂದನ್ನು ನಡೆಸುತ್ತಿದೆ. ತಾತ್ಕಾಲಿಕ ಆಶ್ರಯತಾಣದಲ್ಲಿ ತಂಗುವ ಅವಧಿ ಮುಗಿದೊಡನೆ ಕುಟುಂಬಗಳು ಬೇರೆಡೆಗೆ ಹೋಗಬೇಕಾಗುವುದರಿಂದ, ನಮ್ಮ ಆರೈಕೆದಾರರಿಗೆ ಆಗಷ್ಟೇ ಹೊಂದಿಕೊಂಡು ಹಗಲಿನಲ್ಲಿ ನಿಶ್ಚಿಂತೆಯಿಂದ ನಿದ್ದೆ ಮಾಡತೊಡಗಿದ ಮಗು ಯಾವ ಮುನ್ಸೂಚನೆಯೂ ಇಲ್ಲದೆ ಬರುವುದು ನಿಂತುಹೋಗುತ್ತದೆ. ಈ ವಯಸ್ಸಿನಲ್ಲಿ ನೋಡಿಕೊಳ್ಳುವವರು ಪದೇ ಪದೇ ಬದಲಾಗುವುದು ಒಳ್ಳೆಯದಲ್ಲವೆಂದು ಅಂಥ ಮಕ್ಕಳ ಜಾಗವನ್ನು ಖಾಲಿ ಇರಿಸಿ ನೋಡಿದೆವು. ಪೋಷಕರ ಫೋನ್ ಸಂಖ್ಯೆಗಳೂ ಬದಲಾಗಿರುವುದರಿಂದ ಆಶ್ರಯತಾಣದ ಸಿಬ್ಬಂದಿಯನ್ನು ವಿಚಾರಿಸಿದೆವು, ಆದರೆ ಗೋಪ್ಯತೆಯ ಕಾರಣಕ್ಕೆ ಅವರು ಹೊಸ ವಿಳಾಸ ತಿಳಿಸುವಂತಿಲ್ಲ (ಅದು ಸರಿಯೂ ಹೌದು). ಇತ್ತ ಕಾಯುವ ಪಟ್ಟಿಯಲ್ಲಿರುವ ತಾಯಂದಿರು, ಮಗುವನ್ನು ಬಿಡಲು ಸ್ಥಳವಿಲ್ಲದೆ, ಕೆಲಸ ಹುಡುಕಲೂ ಆಗದೆ ಉಳಿದಿದ್ದಾರೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ: ಸುದ್ದಿಯಿಲ್ಲದೆ ಗೈರಾದ ಮಗುವಿನ ಜಾಗವನ್ನು ನೀವು ಎಷ್ಟು ವಾರ ಕಾಯ್ದಿರಿಸುತ್ತೀರಿ, ಮತ್ತು ಆ ನಿಯಮವನ್ನು ದಾಖಲಾತಿಯ ದಿನವೇ ಪೋಷಕರಿಗೆ ಹೇಳಿಬಿಡುತ್ತೀರಾ?