ಸಹಾಯ ಬೇಕು: ಕತ್ತಲೆಯ ದೃಶ್ಯವನ್ನು ಹಗಲಲ್ಲಿ ಆಡಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಬಿಎ ತರಗತಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಜಾನ್ ವೆಬ್‌ಸ್ಟರ್‌ನ ‘ದಿ ಡಚೆಸ್ ಆಫ್ ಮಾಲ್ಫಿ’ ನಾಟಕದ ನಾಲ್ಕನೇ ಅಂಕದ ಮೊದಲ ದೃಶ್ಯವನ್ನು ಈ ಸಲ ಸುಮ್ನೆ ಓದಿಸದೆ, ಮಕ್ಕಳಿಂದ ಆಡಿಸಬೇಕು ಅಂತ ಆಸೆ.

ಓದಿದವರಿಗೆ ನೆನಪಿರುತ್ತೆ. ತನ್ನ ಅವಳಿ ಸೋದರಿ ಡಚೆಸ್‌ಳ ಮುಖ ನೋಡುವುದಿಲ್ಲ ಅಂತ ಆಣೆ ಮಾಡಿದ ಫರ್ಡಿನೆಂಡ್, ದೀಪ ತೆಗೆಸಿ ಕತ್ತಲಲ್ಲಿ ಬರುತ್ತಾನೆ. ಮುತ್ತಿಡಲು ಕೈ ಕೊಡುತ್ತಾನೆ. ಕೈ ಬಹಳ ತಣ್ಣಗಿದೆ, ಪ್ರಯಾಣ ಮಾಡಿ ಹುಷಾರು ತಪ್ಪಿತಾ ಅಂತ ಅವಳು ಪಾಪ ವಿಚಾರಿಸುತ್ತಾಳೆ. ದೀಪ ಬಂದರೆ ಅದು ಸತ್ತವನ ಕೈ!

ನನ್ನ ಗೊಂದಲ ಇಷ್ಟೇ. 1623ರ ಮುದ್ರಣದ ಮುಖಪುಟದ ಪ್ರಕಾರ ಈ ನಾಟಕ ಲಂಡನ್ನಿನ ಬ್ಲ್ಯಾಕ್‌ಫ್ರಯರ್ಸ್, ಗ್ಲೋಬ್ ಎರಡೂ ರಂಗಮಂದಿರಗಳಲ್ಲಿ ನಡೆದಿದೆ. ಮೊದಲನೆಯದು ಮೇಣದಬತ್ತಿ ಬೆಳಕಿನ ಒಳಾಂಗಣ. ಗ್ಲೋಬ್ ನಡುವೆ ಚಾವಣಿಯಿಲ್ಲದ್ದು, ಅಲ್ಲಿ ಮಧ್ಯಾಹ್ನದ ಬಿಸಿಲು. ಬಿಸಿಲಲ್ಲಿ ಆ ಕೈ ಪ್ರೇಕ್ಷಕರಿಗೆ ಮೊದಲೇ ಕಂಡಿರುತ್ತೆ, ಅವಳಿಗೆ ಮಾತ್ರ ಕಾಣುವುದಿಲ್ಲ. ನನಗೆ ಅದೇ ಜಾಸ್ತಿ ಭಯಂಕರ ಅನಿಸುತ್ತೆ. ಎರಡೂ ಥರ ಆಡಿಸಿ ಹೋಲಿಸೋಣ ಅಂದರೆ ಒಂದೇ ಪೀರಿಯಡ್, ಅರವತ್ತು ಮಕ್ಕಳು, ಅಲುಗಾಡದ ಬೆಂಚುಗಳು. ಕಿಟಕಿಗೆ ಪರದೆಯೂ ಇಲ್ಲ.

ಯಾರಾದರೂ ಇದನ್ನು ತರಗತಿಯಲ್ಲಿ ಆಡಿಸಿದ್ದೀರಾ? ಎಷ್ಟು ಸಾಲು ಉಳಿಸಿಕೊಂಡಿರಿ? ಕನ್ನಡ ಮಾಧ್ಯಮದಿಂದ ಬಂದವರು ಮಾತುಗಳನ್ನು ಮೊದಲು ಕನ್ನಡದಲ್ಲಿ ಹೇಳಿ ನೋಡಿದರೆ ಸರಿಹೋಗುತ್ತಾ? ಮತ್ತೆ ಆ ಕೈ! ಕೈಗವಸಿಗೆ ಒದ್ದೆ ಮರಳು ತುಂಬಿ ನೋಡಿದೆ, ಹುಡುಗರು ನಕ್ಕುಬಿಟ್ಟರು. ಬೇರೆ ಉಪಾಯ ಇದ್ದರೆ ಹೇಳಿ. ಮುಂದಿನ ವಾರವೇ ಪಾಠ ಇದೆ.