ಬಿಚ್ಚಿಟ್ಟ ಪದ್ಮಿನಿಯನ್ನು ಜೋಡಿಸುವುದು ಹೇಗೆ? – ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ

ನನಗೆ 21 ವರ್ಷ. ಡೊಂಬಿವಲಿಯಲ್ಲಿ ಮನೆ. ಎಂಜಿನಿಯರಿಂಗ್ ಕೊನೆಯ ವರ್ಷ. ಅಜ್ಜನ 1979ರ ಪ್ರೀಮಿಯರ್ ಪದ್ಮಿನಿ ಕಾರು 11 ವರ್ಷದಿಂದ ನಮ್ಮ ಬಿಲ್ಡಿಂಗಿನ ಕೆಳಗೆ ನಿಂತಿದೆ. ಅಜ್ಜ ತೀರಿಕೊಂಡು 4 ವರ್ಷ ಆಯಿತು. ಈ ವಿಂಟೇಜ್ ಕಾರನ್ನು ನಾನೇ ಸರಿ ಮಾಡಬೇಕು ಅಂತ ಕಳೆದ ದೀಪಾವಳಿಗೆ ಕೈ ಹಾಕಿದೆ. ಇಂಥ ಕೆಲಸ ನನಗೆ ಇದೇ ಮೊದಲು. ಎಂಜಿನ್ ತಿರುಗುತ್ತಿಲ್ಲ, ಅದರ ಹೆಡ್ (ಮೇಲಿನ ಮುಚ್ಚಳದಂಥ ಭಾಗ) ಬಿಚ್ಚಿದ್ದೇನೆ. ನಾಲ್ಕೂ ಬಾಗಿಲು ತೆಗೆದಿಟ್ಟಿದ್ದೇನೆ. ಕಾಲಿಡುವ ಜಾಗದಲ್ಲಿ ತಗಡು ತೂತಾಗಿದೆ. ನಟ್ಟು ಬೋಲ್ಟೆಲ್ಲ ಒಂದೇ ಡಬ್ಬಿಯಲ್ಲಿ ಕಲೆತುಹೋಗಿವೆ. ಒಂದು ಗ್ಯಾರೇಜಿನವರು ಪೇಂಟಿಂಗಿಗೆ ಅಂತ 25 ಸಾವಿರ ತಗೊಂಡು, ಬರೀ ಪುಟ್ಟಿ ಮೆತ್ತಿ ಕೈಬಿಟ್ಟರು. ಅದೂ ಸೇರಿ ನನ್ನ ಉಳಿತಾಯದ 60 ಸಾವಿರ ಖಾಲಿ. ಬಿಲ್ಡಿಂಗಿನ ಸೊಸೈಟಿಯಿಂದ ಕಾರಿನ ಬಗ್ಗೆ ನೋಟಿಸ್ ಬಂದಿದೆ. "ಭಂಗಾರದವನಿಗೆ (ಗುಜರಿಯವನಿಗೆ) ಕೊಟ್ಟುಬಿಡು" ಎನ್ನುತ್ತಾರೆ ಅಪ್ಪ. ಬಿಡಲೇ, ಮುಂದುವರಿಸಲೇ? ಎಲ್ಲಿಂದ ಶುರು ಮಾಡಲಿ?

* * *

ನನ್ನ ಮಾತು ನಿನಗೆ ಹಿಡಿಸದೇ ಇರಬಹುದು ಮಗೂ. ಆದರೂ ಹೇಳುತ್ತೇನೆ. ಪರೀಕ್ಷೆ ಮುಗಿಯುವವರೆಗೆ ಆ ಕಾರಿನ ಕೆಲಸ ನಿಲ್ಲಿಸು. ನನ್ನ ಮಗನೂ ನಿನ್ನ ವಯಸ್ಸಿನಲ್ಲಿ ಒಂದು ಹಳೆ ಜೀಪು ತಂದಿದ್ದ. ಬಾಲ್ಕನಿ ತುಂಬ ಅದರದೇ ಸಾಮಾನು. ಬಟ್ಟೆ ಒಣಹಾಕಲೂ ಜಾಗ ಇರಲಿಲ್ಲ. ಅದನ್ನೆಲ್ಲ ಸಹಿಸಿಕೊಂಡೆ. ಆದರೆ ಅವನು ಕ್ರೆಡಿಟ್ ಕಾರ್ಡಿನಲ್ಲಿ 1 ಲಕ್ಷ 40 ಸಾವಿರ ಸಾಲ ಮಾಡಿದ್ದು ನಮಗೆ ಗೊತ್ತಾಗಿದ್ದೇ ಬ್ಯಾಂಕಿನಿಂದ ಮನೆಗೆ ಫೋನು ಬಂದಾಗ. ಜೀಪು ಕೊನೆಗೆ ಅರ್ಧಕ್ಕೇ ಮಾರಾಟವಾಯಿತು. ಅಪ್ಪ ಮಗ ಒಂದು ವರ್ಷ ಸರಿಯಾಗಿ ಮಾತಾಡಲಿಲ್ಲ.

ನೀನು ಇನ್ನೂ ಸಾಲ ಮಾಡಿಲ್ಲ. ಅದು ದೊಡ್ಡ ವಿಷಯ. ಆ 60 ಸಾವಿರ ಎಲ್ಲೆಲ್ಲಿ ಹೋಯಿತು ಅಂತ ಒಂದು ಹಾಳೆಯಲ್ಲಿ ಬರೆದು ಅಪ್ಪನ ಕೈಗೆ ಕೊಡು. ಮೋಸ ಹೋದ 25 ಸಾವಿರವನ್ನೂ ಮುಚ್ಚಿಡಬೇಡ. ಸೊಸೈಟಿಗೆ ಪತ್ರ ಬರೆದು ಇಂಥ ತಿಂಗಳವರೆಗೆ ಸಮಯ ಕೊಡಿ ಅಂತ ಕೇಳು. ನಾನು ನಮ್ಮ ಸೊಸೈಟಿಯ ಕಮಿಟಿಯಲ್ಲಿ 6 ವರ್ಷ ಇದ್ದವಳು. ಗಾಡಿ ತಳ್ಳಿದರೆ ಸರಿಯುವಂತಿರಬೇಕು, ಕೆಳಗೆ ಎಣ್ಣೆ ಸೋರಬಾರದು, ಸಾಮಾನು ಹರಡಿರಬಾರದು. ಇಷ್ಟಿದ್ದರೆ ಯಾರೂ ಅಷ್ಟು ಬೇಗ ಜಗಳಕ್ಕೆ ಬರುವುದಿಲ್ಲ.

– ಒಬ್ಬ ತಾಯಿ, ವಾಶಿ

* * *

ತಮ್ಮಾ, ನಿನ್ನ ಪತ್ರ ಎರಡು ಸಲ ಓದಿದೆ. 38 ವರ್ಷ ಇದೇ ಗಾಡಿಯ ಕೆಳಗೆ ಮಲಗಿದವನು ನಾನು. ಕುಂದಾಪುರದಿಂದ ಬಂದಾಗ ನನಗೆ 14 ವರ್ಷ. ಹಗಲು ಹೋಟೆಲು, ಸಂಜೆ ಮುಂಬೈಯ ಕೋಟೆ (ಫೋರ್ಟ್) ಭಾಗದಲ್ಲಿ ಕನ್ನಡ ರಾತ್ರಿ ಶಾಲೆ. ಆಮೇಲೆ ಟ್ಯಾಕ್ಸಿ ಗ್ಯಾರೇಜಿಗೆ ಸೇರಿದೆ. ಮುಂಬೈಯ ಕಾಲಿ ಪೀಲಿ (ಕಪ್ಪು ಹಳದಿ) ಟ್ಯಾಕ್ಸಿ ಅಂದರೆ ಆಗ ಪದ್ಮಿನಿಯೇ. ಹಾಗಾಗಿ ನಿನಗೆ ಹೇಳುವ ಹಕ್ಕು ನನಗಿದೆ ಅಂದುಕೊಳ್ಳುತ್ತೇನೆ.

ಮೊದಲ ಕೆಲಸ, ಇವತ್ತೇ ಬಾಗಿಲುಗಳನ್ನು ತಿರುಗಿ ಹಾಕು. ಜೀಪಿಗೆ, ಲಾರಿಗೆ ಕೆಳಗೆ ಭಾರ ಹೊರುವ ಚೌಕಟ್ಟು, ಅಂದರೆ ಚಾಸಿ, ಬೇರೆಯೇ ಇರುತ್ತದೆ. ಪದ್ಮಿನಿಗೆ ಹಾಗಿಲ್ಲ. ನೆಲದ ತಗಡು, ಬಾಗಿಲ ಕೆಳಗಿನ ಹೊಸ್ತಿಲು, ಕಂಬಗಳು, ಮೇಲಿನ ಮಾಡು, ಇವೆಲ್ಲ ಸೇರಿಯೇ ಗಾಡಿಯ ಭಾರ ಹೊರುತ್ತವೆ. ನಿನ್ನ ಗಾಡಿಯಲ್ಲಿ ನೆಲ ತೂತು. ಹೊಸ್ತಿಲೂ ಒಳಗಿಂದ ತುಕ್ಕು ತಿಂದಿರುತ್ತದೆ, ನೋಡು. ಈ ಸ್ಥಿತಿಯಲ್ಲಿ ನೆಲದ ತಗಡು ಕತ್ತರಿಸಿದರೆ ಬಾಡಿ ನಡುವಲ್ಲಿ ಕುಸಿಯಬಹುದು. ಕುಸಿದ ಬಾಡಿಗೆ ಹೊಸ ತಗಡು ಬೆಸೆದರೆ ಆ ಬಾಗು ಹಾಗೇ ನಿಲ್ಲುತ್ತದೆ. ಆಮೇಲೆ ಏನು ಮಾಡಿದರೂ ಬಾಗಿಲು ಕೂರುವುದಿಲ್ಲ. ಒಂದು ಪಕ್ಕ ಪೂರ್ತಿ ಮುಗಿಸಿ ಇನ್ನೊಂದು ಪಕ್ಕ ಮುಟ್ಟಬೇಕು. ಬಾಗಿಲು ತೆಗೆಯಲೇಬೇಕಾದಾಗ ಎರಡು ಕಂಬಗಳ ನಡುವೆ ಕಬ್ಬಿಣದ ಪೈಪು ಅಡ್ಡ ಕೊಟ್ಟು ಬಿಗಿ ಮಾಡಿಕೋ. ತುಕ್ಕು ಹಿಡಿದ ಹೊಸ್ತಿಲಿಗೆ ಜಾಕ್ ಕೊಡಬೇಡ. ಗಾಡಿಯನ್ನು ಇಟ್ಟಿಗೆ ಮೇಲೆ ನಿಲ್ಲಿಸಿ ಕೆಳಗೆ ನುಗ್ಗಬೇಡ. ಇಟ್ಟಿಗೆ ಹೇಳದೆ ಕೇಳದೆ ಒಡೆಯುತ್ತದೆ. ನನ್ನ ಜತೆಗಾರ ಒಬ್ಬ ಹಾಗೇ ಕೈ ಕಳೆದುಕೊಂಡ. ನಾಲ್ಕು ಸ್ಟ್ಯಾಂಡ್ ತಗೋ.

ಇನ್ನು ಆ ಪುಟ್ಟಿ. ಫ್ರಿಜ್ಜಿಗೆ ಅಂಟಿಸುವ ಚಿಕ್ಕ ಅಯಸ್ಕಾಂತ ಹಿಡಿದು ಇಡೀ ಬಾಡಿಯ ಮೇಲೆ ಓಡಿಸು. ಎಲ್ಲಿ ಕಚ್ಚುವುದಿಲ್ಲವೋ ಅಲ್ಲಿ ದಪ್ಪ ಪುಟ್ಟಿ ಇದೆ. ಕೆರೆದು ತೆಗೆ. ಸಂಕಟ ಆಗುತ್ತದೆ, ಗೊತ್ತು. ತುಕ್ಕಿನ ಮೇಲೆ ಪುಟ್ಟಿ ಬಳಿದರೆ ಮುಂಬೈಯ ಒಂದೇ ಮಳೆಗಾಲಕ್ಕೆ ಗುಳ್ಳೆ ಏಳುತ್ತದೆ. ಪೇಂಟು ಎಲ್ಲದಕ್ಕೂ ಕೊನೆಗೆ.

ಎಂಜಿನ್ ತಿರುಗುತ್ತಿಲ್ಲ ಅಂತ ಸುತ್ತಿಗೆ ಹಿಡಿಯಬೇಡ. ಹೆಡ್ ಬಿಚ್ಚಿದ್ದು ಒಳ್ಳೆಯದೇ ಆಯಿತು. ನಾಲ್ಕೂ ಸಿಲಿಂಡರಿಗೆ ಡೀಸೆಲ್ ಮತ್ತು ಎಂಜಿನ್ ಆಯಿಲ್ ಸಮಸಮ ಬೆರೆಸಿ ಸುರಿ. ಒಂದು ವಾರ ಬಿಡು. ಇಳಿದಷ್ಟು ಮತ್ತೆ ಸುರಿ. ಆಮೇಲೆ ಮುಂದಿನ ಪುಲ್ಲಿಯ ನಟ್ಟಿಗೆ ಪಾನಾ (ಸ್ಪ್ಯಾನರ್) ಹಾಕಿ ಆಚೆ ಈಚೆ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸು. ಎರಡು ವಾರ ಆದರೂ ಆಗಲಿ. ಬಿಟ್ಟುಕೊಂಡಿತು ಅಂತ ಹಾಗೇ ಹೆಡ್ ಕೂರಿಸಿಬಿಡಬೇಡ. ಪಿಸ್ಟನ್ ಹೊರಗೆ ತೆಗೆದು, ಲೇತ್ ಅಂಗಡಿಯಲ್ಲಿ ಬೋರ್ (ಸಿಲಿಂಡರಿನ ಒಳ ಅಗಲ) ಅಳತೆ ಮಾಡಿಸು. ಬೋರ್ ದೊಡ್ಡದು ಮಾಡಬೇಕು ಎಂದರೆ ಹೊಸ ಪಿಸ್ಟನ್ ಕೈಗೆ ಬಂದ ಮೇಲೆ ಮಾಡಿಸು. ಮೊದಲೇ ಕೊರೆಸಿ, ಆ ಅಳತೆಯ ಪಿಸ್ಟನ್ ಸಿಗದೆ ಬ್ಲಾಕ್ ಹಿಡಿದು ಅಲೆದವರನ್ನು ಬಹಳ ಕಂಡಿದ್ದೇನೆ.

ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. 11 ವರ್ಷ ನಿಂತ ಗಾಡಿಯಲ್ಲಿ ಚಕ್ರದ ಬಳಿ ಬ್ರೇಕ್ ಒತ್ತುವ ವ್ಹೀಲ್ ಸಿಲಿಂಡರಿನ ರಬ್ಬರು ಕಚ್ಚಿಕೊಂಡಿರುತ್ತದೆ. ಬ್ರೇಕ್ ಆಯಿಲ್ ನೀರು ಹೀರಿ ಕೆಟ್ಟಿರುತ್ತದೆ. ಹೋಸ್ ಪೈಪು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತದೆ. ಬ್ರೇಕ್ ಪೆಡಲಿಗೆ ಸೇರಿದ ಮಾಸ್ಟರ್ ಸಿಲಿಂಡರ್ ಕಿಟ್, ವ್ಹೀಲ್ ಸಿಲಿಂಡರ್, ಹೋಸು, ಎಲ್ಲ ಹೊಸತು ಹಾಕು. ಇಲ್ಲಿ ಮಾತ್ರ ಹಣ ಉಳಿಸಬೇಡ. ಎಂಜಿನ್ ಸ್ಟಾರ್ಟ್ ಆಗುವ ಮೊದಲೇ ಬ್ರೇಕ್ ಮುಗಿದಿರಬೇಕು. ಹುಡುಗರ ಬುದ್ಧಿ ನನಗೆ ಗೊತ್ತು. ಸ್ಟಾರ್ಟ್ ಆದ ಕ್ಷಣ ಒಂದು ಸುತ್ತು ಹೋಗಿ ಬರೋಣ ಅನಿಸುತ್ತದೆ.

ಡಬ್ಬಿಯ ನಟ್ಟು ಬೋಲ್ಟಿಗೆ ಹೆದರಬೇಡ. ಓಡುತ್ತಿರುವ ಇನ್ನೊಂದು ಪದ್ಮಿನಿ ಹುಡುಕಿ, ಮಾಲೀಕರನ್ನು ಕೇಳಿ, ಬಾನೆಟ್ಟಿನ ಒಳಗೆ, ಕೆಳಗೆ, ಬಾಗಿಲ ಕೀಲಿನ ಹತ್ತಿರ ಒಂದು ನೂರು ಫೋಟೊ ತೆಗೆ. ಅರ್ಧ ಅಲ್ಲೇ ಬಗೆಹರಿಯುತ್ತದೆ. ಸಾಮಾನಿಗೆ ಕುರ್ಲಾದ ಸಿ.ಎಸ್.ಟಿ. ರಸ್ತೆ, ಕಪಾಡಿಯಾ ನಗರ ಸುತ್ತು. ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ 30ಕ್ಕೆ ರಸ್ತೆ ಬಿಟ್ಟಿತು. ಅಂದು ನಾನು ಗ್ಯಾರೇಜಿನ ಬಾಗಿಲಲ್ಲಿ ಸುಮ್ನೆ ಕೂತಿದ್ದೆ. ಟ್ಯಾಕ್ಸಿ ಹೋದ ಮೇಲೆ ಹೊಸ ಸಾಮಾನು ತರಿಸುವವರು ಕಮ್ಮಿಯಾಗಿದ್ದಾರೆ. ಅದಕ್ಕೇ ಗಾಜು, ಬಾಗಿಲ ರಬ್ಬರ್ ಬೀಡಿಂಗು ಕಣ್ಣಿಗೆ ಬಿದ್ದರೆ ಆಗಲೇ ತಗೋ.

– ನಿವೃತ್ತ ಮೆಕ್ಯಾನಿಕ್, ಕುರ್ಲಾ

* * *

ಕಾಗದಪತ್ರದ ಬಗ್ಗೆ ನೀವು ಏನೂ ಬರೆದಿಲ್ಲ. ನನಗೆ ಅದೇ ಜಾಸ್ತಿ ಚಿಂತೆ. ಆರ್‌ಸಿ (ನೋಂದಣಿ ಪತ್ರ) ಇನ್ನೂ ಅಜ್ಜನ ಹೆಸರಿನಲ್ಲೇ ಇದ್ದರೆ ಮೊದಲು ವಾರಸುದಾರರ ಹೆಸರಿಗೆ ಮಾಡಿಸಿ. ಮಾಲೀಕರು ತೀರಿಕೊಂಡಾಗ ಫಾರ್ಮ್ 31ರಲ್ಲಿ ಅರ್ಜಿ ಕೊಡಬೇಕು. ಅದಕ್ಕೆ 3 ತಿಂಗಳ ಗಡುವು. ನಿಮ್ಮದು ದಾಟಿಹೋಗಿದೆ. ದಂಡ ಕಟ್ಟಬೇಕಾದೀತು, ಆದರೆ ದಾರಿ ಮುಚ್ಚಿಲ್ಲ. ಮರಣ ಪತ್ರ, ಉಳಿದ ವಾರಸುದಾರರ ಒಪ್ಪಿಗೆ ಹೊಂದಿಸಿಕೊಳ್ಳಿ. ಚಿಕ್ಕಪ್ಪ, ಅತ್ತೆ ಯಾರಾದರೂ ಇದ್ದರೆ ಈಗಲೇ ಮಾತಾಡಿ. ಕಾರು ಮಿಂಚತೊಡಗಿದ ಮೇಲೆ ಕೇಳುವುದು ಕಷ್ಟ.

ನೀವು ವಿಂಟೇಜ್ ಎಂದು ಬರೆದಿದ್ದೀರಿ. 2021ರ ಕೇಂದ್ರ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಗಾಡಿಗೆ ಮಾತ್ರ ಆ ಹೆಸರು. ನಿಮ್ಮದು 2029ಕ್ಕೆ ಆ ವಯಸ್ಸು ಮುಟ್ಟುತ್ತದೆ. ಆಗ ನಂಬರಿನಲ್ಲಿ ವಿಎ ಅಕ್ಷರ ಬರುವ ನೋಂದಣಿ ಸಿಗಬಹುದು. ಆ ನಿಯಮದಲ್ಲಿ ಶುಲ್ಕ 20 ಸಾವಿರ, ಅವಧಿ 10 ವರ್ಷ. ಆದರೆ ಆ ನೋಂದಣಿ ಇದ್ದರೆ ದಿನಬಳಕೆಗೆ ಓಡಿಸುವಂತಿಲ್ಲ. ರ‍್ಯಾಲಿ, ಪ್ರದರ್ಶನ, ಪೆಟ್ರೋಲು, ರಿಪೇರಿಗೆ ಮಾತ್ರ. ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು. ಆದ್ದರಿಂದ ಬೇರೆ ಕಾರಿನ ಎಂಜಿನ್ ಕೂರಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ತಗಡು ಕತ್ತರಿಸುವಾಗ ಚಾಸಿ ನಂಬರ್ ಇರುವ ಜಾಗವನ್ನು ಡೆಂಟರಿಗೆ (ತಗಡಿನ ಕೆಲಸದವರಿಗೆ) ತೋರಿಸಿ, ಮುಟ್ಟಬೇಡಿ ಎಂದು ಹೇಳಿ.

ಅಲ್ಲಿಯವರೆಗೆ ಇದು ಮಾಮೂಲಿ ಹಳೆಯ ಕಾರು. 15 ವರ್ಷ ದಾಟಿದ ಮೇಲೆ 5 ವರ್ಷಕ್ಕೊಮ್ಮೆ ಆರ್‌ಟಿಒದಲ್ಲಿ ತೋರಿಸಿ ನವೀಕರಣ ಮಾಡಿಸಬೇಕು, ಪರಿಸರ ತೆರಿಗೆ ಕಟ್ಟಬೇಕು. ದಿಲ್ಲಿಯಲ್ಲಿ ಹಳೆ ಗಾಡಿಗಳಿಗೆ ಇರುವ ತಡೆಯ ಸುದ್ದಿ ಓದಿ ಹೆದರಬೇಡಿ, ಅದು ಮಹಾರಾಷ್ಟ್ರದ್ದಲ್ಲ. ಬಣ್ಣ ಬದಲಿಸುವುದಾದರೆ ಆರ್‌ಸಿಯಲ್ಲೂ ಬದಲಾಗಬೇಕು. ನವೀಕರಣ, ಇನ್ಶೂರೆನ್ಸ್ ಇಲ್ಲದೆ ಟ್ರಯಲ್ ನೋಡಲು ಕೂಡ ರಸ್ತೆಗೆ ಇಳಿಸಬೇಡಿ.

ಒಂದು ವೇಳೆ ಅಪ್ಪನ ಮಾತೇ ನಡೆದರೆ, ಗಲ್ಲಿಯ ಭಂಗಾರದವನಿಗೆ ಕೊಡದೆ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಟ್ಟು ಸರ್ಟಿಫಿಕೇಟ್ ಪಡೆಯಿರಿ. ಇಲ್ಲದಿದ್ದರೆ ಆ ನಂಬರ್ ದಾಖಲೆಯಲ್ಲಿ ನಿಮ್ಮ ಮನೆಯ ಮೇಲೇ ಇರುತ್ತದೆ.

– ವಕೀಲರು, ಠಾಣೆ

* * *

ಒಂದೇ ಮಾತು. ಪ್ಲಾಸ್ಟಿಕ್ ತಾಡಪಾಲು ಹೊದಿಸಬೇಡಿ. ಒಳಗೆ ಬೆವರು ನಿಂತು ತಗಡು ಕೊಳೆಯುತ್ತದೆ. ಇಲ್ಲಿ ಸಮುದ್ರದ ಗಾಳಿಗೆ ನನ್ನ ಫಿಯಾಟಿನ ಡಿಕ್ಕಿ ಹಾಗೇ ಹೋಯಿತು, ನೋಡಿದರೆ ಸ್ಟೆಪ್ನಿ ಇಡುವ ಗುಂಡಿ ಜರಡಿಯಾಗಿತ್ತು. ಗಾಳಿ ಆಡುವ ಬಟ್ಟೆಯ ಕವರ್ ಹಾಕಿ. ಮಳೆ ಇಲ್ಲದ ದಿನ ತೆಗೆದು ಒಣಗಿಸಿ.

– ವಾಸ್ಕೊದಿಂದ ಒಬ್ಬ ಓದುಗರು

* * *

ನಾನು ಪುಣೆಯಲ್ಲಿ ಕೆಲಸ ಮಾಡುತ್ತೇನೆ. ವಯಸ್ಸು 26. ಅಪ್ಪನ 1986ರ ಪದ್ಮಿನಿಯನ್ನು 2 ವರ್ಷ 4 ತಿಂಗಳಲ್ಲಿ ಎಬ್ಬಿಸಿದೆ. ನೋಟ್‌ಬುಕ್ಕಿನ ಲೆಕ್ಕದ ಪ್ರಕಾರ 2 ಲಕ್ಷ 10 ಸಾವಿರ ಖರ್ಚಾಯಿತು. ಒಟ್ಟಿಗೆ ಅಲ್ಲ, ಪ್ರತಿ ತಿಂಗಳ ಸಂಬಳದಿಂದ ಒಂದಿಷ್ಟು. ನಿಮಗೆ ಈಗ ಸಂಬಳ ಇಲ್ಲ ಅಲ್ವಾ? ಹಾಗಾದರೆ ಈ ವರ್ಷ ಹಣ ಬೇಡದ ಕೆಲಸಗಳನ್ನೇ ಮಾಡಿ. ಕೆರೆಯುವುದು, ತೊಳೆಯುವುದು, ವಿಂಗಡಿಸುವುದು. ಅದರಲ್ಲೇ ಎಷ್ಟೋ ಭಾನುವಾರ ಹೋಗುತ್ತವೆ.

ಎಲ್ಲವನ್ನೂ ಒಟ್ಟಿಗೆ ಬಿಚ್ಚಿದ್ದೇ ನಾನೂ ಮಾಡಿದ ತಪ್ಪು. ಆರು ತಿಂಗಳು ಕಾರಿನ ಕಡೆ ನೋಡಲೂ ಮನಸ್ಸಾಗಲಿಲ್ಲ. ಆಮೇಲೆ ಒಂದು ದಿನ ಹಾರನ್ ಮಾತ್ರ ಸರಿ ಮಾಡಿದೆ. ಬರೀ ಹಾರನ್! ಅದು ಕೂಗಿದಾಗ ಅಮ್ಮ ಅಡುಗೆಮನೆಯಿಂದ ಓಡಿ ಬಂದರು. ಅಲ್ಲಿಂದ ಒಂದು ಸಲಕ್ಕೆ ಒಂದೇ ಭಾಗ ಅಂತ ಇಟ್ಟುಕೊಂಡೆ. ಸ್ಟೇರಿಂಗ್ ಕೆಳಗಿನ ಗೇರ್ ಕಡ್ಡಿ ತುಂಬ ಗಟ್ಟಿ ಇತ್ತು. ಗೇರ್‌ಬಾಕ್ಸೇ ಹೋಗಿದೆ ಎಂದು ಒಬ್ಬರು ಹೆದರಿಸಿದರು. ನೋಡಿದರೆ ಕಡ್ಡಿಗಳ ಕೀಲಿನ ಬುಷ್ ಸವೆದಿತ್ತು ಅಷ್ಟೇ. ಮಂಗಳವಾರ ಪೇಠೆಯ ಜುನಾ ಬಜಾರಿನಲ್ಲಿ ಬುಧವಾರ, ಭಾನುವಾರ ಹುಡುಕಿ ಹುಡುಕಿ ಒಂದು ಹಳೆ ಸ್ಪೀಡೊಮೀಟರ್ ಕೂಡ ಸಿಕ್ಕಿತು.

ಬ್ರೇಕ್ ಡ್ರಮ್ ತೆಗೆದಾಗ ಒಳಗಿನ ದೂಳನ್ನು ಗಾಳಿ ಊದಿ ತೆಗೆಯಬೇಡಿ. ಹಳೆ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು, ಶ್ವಾಸಕೋಶಕ್ಕೆ ವಿಷ. ನೀರು ಸಿಂಪಡಿಸಿ, ಒಳ್ಳೆಯ ಮಾಸ್ಕ್ ಹಾಕಿಕೊಂಡು ಒರೆಸಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇದೆ. ಅದು ಹಳೆಯ ರಬ್ಬರ್ ಪೈಪು, ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಪಂಪಿನ ಡಯಾಫ್ರಾಮ್ (ಒಳಗಿನ ಪೊರೆ) ಎಲ್ಲವನ್ನೂ ಹಾಳು ಮಾಡುತ್ತದೆ. ಎಥೆನಾಲ್ ತಾಳುವ ಪೈಪು ಕೇಳಿ ಹಾಕಿಸಿ. ತಿಂಗಳುಗಟ್ಟಲೆ ಓಡಿಸದಿದ್ದರೆ ಟ್ಯಾಂಕು ಖಾಲಿ ಮಾಡಿಡಿ, ಎಥೆನಾಲ್ ನೀರು ಹೀರುತ್ತದೆ.

ಬಂಪರಿಗೆ ಕ್ರೋಮ್ ಮಾಡಿಸಲು ಕೊಡುವಾಗ ಪ್ರತಿ ತುಂಡಿನ ಫೋಟೊ ತೆಗೆದು, ಎಣಿಸಿ, ಸಹಿ ಹಾಕಿಸಿಕೊಳ್ಳಿ. ನನ್ನ ಬಂಪರಿನ ಎರಡು ಮೂಲೆ ತುಂಡುಗಳು ಒಂದು ಅಂಗಡಿಯಲ್ಲಿ ಕಳೆದುಹೋದವು. ಕೊಟ್ಟಿದ್ದಕ್ಕೆ ನನ್ನಲ್ಲಿ ಚೀಟಿಯೇ ಇರಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮುಂದುವರಿಸಿ. ನಿಧಾನವಾಗಿ, ಆದರೆ ಬಿಡಬೇಡಿ.

– ಒಬ್ಬ ಓದುಗಿ, ಪಿಂಪ್ರಿ

* * *

ನಾನು ಆ ಹುಡುಗನ ತಂದೆಯವರಿಗೆ ಬರೆಯುತ್ತಿದ್ದೇನೆ.

ಅಣ್ಣಾ, ನಿಮ್ಮ ತಂದೆಯವರು ಕುರ್ಲಾದಲ್ಲಿ ತಯಾರಾದ ಕಾರು ಓಡಿಸಿದವರು. ನಮ್ಮ ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಈ ದೇಶದಲ್ಲೇ ಮೋಟಾರು ತಯಾರಾಗಬೇಕು ಅಂತ ಎಷ್ಟು ಓಡಾಡಿದರು! ಅದೇ ಆಸೆ ಇದ್ದ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು 1940ರಲ್ಲಿ ಮೈಸೂರು ಸರ್ಕಾರದ ಜತೆ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದರು. 1944ರಲ್ಲಿ ಇಲ್ಲಿ ಮುಂಬೈಯಲ್ಲಿ, ಮುಂದೆ ಪದ್ಮಿನಿ ತಯಾರಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ರಾತ್ರಿ ಶಾಲೆಯಲ್ಲಿ ಪಾಠ ಹೇಳುವಾಗ ನಾನು ಇದನ್ನು ಹೋಟೆಲ್ ಹುಡುಗರಿಗೆ ಹೇಳುತ್ತಿದ್ದೆ. ಅವರಲ್ಲಿ ಕೆಲವರು ಮುಂದೆ ಆ ಕಾರ್ಖಾನೆಯಲ್ಲೇ ಕೆಲಸಕ್ಕೆ ಸೇರಿದರು.

ನೋಟಿಸಿಗೆ ನೀವೇ ಉತ್ತರ ಬರೆದು ಮಗನಿಗೆ ಒಂದು ವರ್ಷ ಕೊಡಿಸಿ. ಅವನ ಜತೆ ಒಂದು ಭಾನುವಾರ ಆ ಡಬ್ಬಿ ಮುಂದಿಟ್ಟುಕೊಂಡು ಕೂತುಕೊಳ್ಳಿ. ನಿಮ್ಮ ತಂದೆ ಆ ಕಾರನ್ನು ರಿಪೇರಿ ಮಾಡಿಸುವಾಗ ನೀವು ಪಕ್ಕದಲ್ಲಿ ನಿಂತು ನೋಡಿರುತ್ತೀರಿ. ಅವನಿಗೆ ಗೊತ್ತಿಲ್ಲದ ಎಷ್ಟೋ ನಿಮಗೆ ನೆನಪಿರುತ್ತದೆ.

ನಮ್ಮ ಮನೆಯವರೂ ಪದ್ಮಿನಿ ಇಟ್ಟಿದ್ದರು. ಕಾರು ಮಾರಿದಾಗ ಹಿಂದಿನ ಎಡಗಡೆ ಲೈಟಿನ ಒಂದು ಹೊಸ ಕೆಂಪು ಗಾಜು ಮನೆಯಲ್ಲೇ ಉಳಿಯಿತು. ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದೇನೆ. ಮೊನ್ನೆ ತೆಗೆದು ನೋಡಿದೆ, ಒಂದು ಗೀರೂ ಬಿದ್ದಿಲ್ಲ. ಹಣ ಬೇಡ. ನಿಮ್ಮ ಮಗನಿಗೆ ಬೇಕಿದ್ದರೆ ಸಂಪಾದಕರಿಗೆ ಒಂದು ಸಾಲು ಬರೆಯಲಿ. ವಿಳಾಸ ಅವರ ಬಳಿ ಕೊಟ್ಟಿದ್ದೇನೆ.

– ನಿವೃತ್ತ ಶಿಕ್ಷಕಿ, ಮಾಟುಂಗ