ಆ ಕೈಪಟ್ಟಿ ವಾಪಸ್ ಕೊಟ್ಯಾ ರಾಘು?

ಗುಂಪು: ಹೊಳೆಬದಿ ಮನೆ ಬಳಗ
ಭಾನುವಾರ, ಬೆಳಿಗ್ಗೆ 9:12

ರಾಘು: (ಫಾರ್ವರ್ಡ್) ಬ್ರಿಟನ್‌ನ ಸಂಗೀತ ತಂಡ ಕೋಲ್ಡ್‌ಪ್ಲೇ ಪ್ರವಾಸದಲ್ಲಿ ಇಂಗಾಲ 59% ಇಳಿಕೆ! ಪ್ರೇಕ್ಷಕರು ಕುಣಿದರೆ ಕರೆಂಟ್!

ರಾಘು: ಶ್ರೀಪಾದ ಚಿಕ್ಕಪ್ಪ, ಇದು ನಿಮಗೇ. ಹೋದ್ಸಲ ಊರಿಗೆ ಬಂದಾಗ "ಲಕ್ಷ ಜನ ಸೇರೋ ಕಡೆ ಎಂಥ ಪರಿಸರ ಮಾರಾಯ" ಅಂತ ನಕ್ಕಿದ್ರಿ. 2024ರ ಜೂನ್‌ನಲ್ಲಿ ಲೆಕ್ಕ ಬಿಟ್ಟಿದಾರೆ ನೋಡಿ. 2016–17ರ ಪ್ರವಾಸಕ್ಕೆ ಹೋಲಿಸಿದ್ರೆ ಒಂದೊಂದು ಶೋಗೂ 59% ಕಮ್ಮಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಪರಿಶೀಲನೆ ಮಾಡಿದಾರೆ, ಯಾರೋ ದಾರೀಲಿ ಹೋಗೋರಲ್ಲ.

ಸರೋಜ ದೊಡ್ಡಮ್ಮ: ಶುಭ ಭಾನುವಾರ. ಎಲ್ಲರಿಗೂ ಸೂರ್ಯನಾರಾಯಣ ಒಳ್ಳೇದು ಮಾಡಲಿ

ಶ್ರೀಪಾದ ಚಿಕ್ಕಪ್ಪ: ಕುಣಿದ್ರೆ ಎಷ್ಟು ಯೂನಿಟ್ ಬಂತಂತೆ?

ರಾಘು: ಕುಣಿಯೋ ನೆಲ, ತುಳಿಯೋ ಸೈಕಲ್ಲು, ಸೋಲಾರು ಎಲ್ಲ ಸೇರಿ ಶೋಗೆ ಸರಾಸರಿ 17.

ಶ್ರೀಪಾದ ಚಿಕ್ಕಪ್ಪ: 17 ಸಾವಿರವಾ?

ರಾಘು: ಬರೀ 17.

ಶ್ರೀಪಾದ ಚಿಕ್ಕಪ್ಪ: ನನ್ನ 62.5 ಕೆವಿಎ ಜನರೇಟರು ಫುಲ್ ಲೋಡಲ್ಲಿ 20 ನಿಮಿಷ ಓಡಿದ್ರೆ 17 ಯೂನಿಟ್ ಆಗತ್ತೆ.

ರಾಘು: ಅದು ಚಿಕ್ಕ ಸ್ಟೇಜಿಗೆ, ಕೆಲಸದೋರ ಫೋನು ಲ್ಯಾಪ್‌ಟಾಪ್ ಚಾರ್ಜಿಗೆ ಅಂತಾನೇ ಹೇಳಿದಾರೆ ಚಿಕ್ಕಪ್ಪ. ದೊಡ್ಡ ಲೋಡಿಗೆ ಬೇರೆ ಬ್ಯಾಟರಿ ಇದೆ.

ಶ್ರೀಪಾದ ಚಿಕ್ಕಪ್ಪ: ಬ್ಯಾಟರಿ ಅಂದ್ಯಲ್ಲ, ಅದಕ್ಕೆ ನಾನು ನಗಲ್ಲ. ಮೂವತ್ತು ವರ್ಷ ಶಾಮಿಯಾನ, ಸೌಂಡು, ಜನರೇಟರು ಬಾಡಿಗೆಗೆ ಕೊಟ್ಟೋನು ನಾನು. ಆರ್ಕೆಸ್ಟ್ರಾದವರು ಬಂದು 125 ಕೆವಿಎನೇ ಬೇಕು ಅಂತ ಕೂರ್ತಿದ್ರು. ಮೀಟರ್ ನೋಡಿದ್ರೆ ಒಂದು ಫೇಸಿಗೆ 30 ಆಂಪ್ ದಾಟ್ತಿರಲಿಲ್ಲ. ನಡುವೆ ಕರೆಂಟ್ ಹೋದ್ರೆ ಜನ ಕುರ್ಚಿ ಎಸೀತಾರೆ ಅಂತ ಹೆದರಿಕೆ, ಅದಕ್ಕೇ ಐದಾರು ಪಟ್ಟು ದೊಡ್ಡದು. ಅಷ್ಟು ಕಮ್ಮಿ ಲೋಡಲ್ಲಿ ರಾತ್ರಿಯಿಡೀ ಓಡಿಸಿದ್ರೆ ಡೀಸೆಲ್ ಪೂರ್ತಿ ಉರಿಯಲ್ಲ. ಬೆಳಿಗ್ಗೆ ಸೈಲೆನ್ಸರ್ ತುದೀಲಿ ಕಪ್ಪಗೆ ಎಣ್ಣೆ ಜಿನುಗ್ತಾ ಇರತ್ತೆ, ಬೆರಳಿಟ್ರೆ ಮೂರು ದಿನ ಹೋಗಲ್ಲ. ಮಧ್ಯ ಒಂದು ಬ್ಯಾಟರಿ ಇಟ್ಟು ಚಿಕ್ಕ ಜನರೇಟರ್ ಹಾಕಿದ್ರೆ ಡೀಸೆಲ್ ಬಹಳ ಉಳಿಯತ್ತೆ, ಇದು ನಿಜವಾದ ಕೆಲಸ. ಆದ್ರೆ ಬ್ಯಾಟರಿ ಫೋಟೋ ಯಾರೂ ಹಾಕಲ್ಲ. ಕುಣಿಯೋ ಫೋಟೋ ಹಾಕ್ತಾರೆ. ನಾನು ನಗೋದು ಅದಕ್ಕೆ.

ವಿನುತಕ್ಕ: ಚಿಕ್ಕಪ್ಪ ಇಷ್ಟುದ್ದ ಟೈಪ್ ಮಾಡಿದ್ದು ಮನೆ ಪಾಲಿನ ಜಗಳದ ನಂತರ ಇದೇ ಮೊದಲು.

ಶ್ರೀಪಾದ ಚಿಕ್ಕಪ್ಪ: ಮಾತಾಡಿ ಟೈಪ್ ಮಾಡ್ಸಿದ್ದು. ಪುಟ್ಟಿ ಹೇಳಿಕೊಟ್ಟಳು.

ಅನಘಾ: ಇಂಗ್ಲೆಂಡಿನ ಬ್ರಿಸ್ಟಲಿಂದ ನಮಸ್ಕಾರ, ಇಲ್ಲಿನ್ನೂ ಬೆಳಗಾಗ್ತಿದೆ. ರಾಘು, ನಿಂದು ಒಂದು ತಂಡದ ಶೋ. ಪ್ರಶ್ನೆ ಕಷ್ಟ ಆಗೋದು ಐದು ದಿನದ ಉತ್ಸವಗಳಲ್ಲಿ. ಗ್ಲಾಸ್ಟನ್‌ಬರಿ ಸಂಗೀತ ಉತ್ಸವ ಇಲ್ಲಿಂದ ಹತ್ತಿರಾನೇ. ಸಾಮರ್‌ಸೆಟ್‌ನ ಪಿಲ್ಟನ್ ಅನ್ನೋ ಹಳ್ಳಿ, ಹಾಲಿನ ದನ ಸಾಕೋ ಜಮೀನು. ಅಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಗುಡಾರ ಹಾಕ್ಕೊಂಡು ಇರ್ತಾರೆ. ಅಡುಗೆ, ಸ್ನಾನ, ಟಾಯ್ಲೆಟ್ಟು, ಒಂದು ಪೂರ್ತಿ ಊರೇ.

ರಾಘು: ಅವರು ಎಲ್ಲರಿಗಿಂತ ಹಸಿರು ಅಂತಾರಲ್ಲ?

ಅನಘಾ: ಬಹಳ ಮಾಡಿದಾರೆ, ಇಲ್ಲ ಅನ್ನಲ್ಲ. 2017ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಪ್ಲಾಸ್ಟಿಕ್ ನೀರಿನ ಬಾಟಲಿ ಮಾರಾಟ ಆಗಿತ್ತು, 2019ರಿಂದ ಮಾರೋದೇ ನಿಲ್ಲಿಸಿದ್ರು. 2023ರಲ್ಲಿ ಜನರೇಟರಿಗೆಲ್ಲ ಕರಿದು ಬಿಟ್ಟ ಎಣ್ಣೆಯಿಂದ ಮಾಡಿದ ಇಂಧನ. ತಿಂಡಿ ಅಂಗಡಿಗಳ ಹತ್ತಿರ ಗಾಳಿಯಂತ್ರ ಒಂದು ನಿಲ್ಸಿದ್ರು. ಕೊಟ್ಟಿಗೆ ಮಾಡಿನ ಮೇಲೆ ಸೋಲಾರ್ ಮೊದಲಿಂದಾನೇ ಇದೆ. ಐದಾರು ವರ್ಷಕ್ಕೊಮ್ಮೆ ಉತ್ಸವವನ್ನೇ ಬಿಟ್ಟು ಹುಲ್ಲು ಚಿಗುರಲಿ, ದನ ಮೇಯಲಿ ಅಂತ ನೆಲ ಬೀಳು ಬಿಡ್ತಾರೆ. 2018 ಹಾಗಿತ್ತು, 2026ಕ್ಕೂ ರಜೆ.

ವಿನುತಕ್ಕ: ನಮ್ಮ ಸಾಗರದ ಮಾರಿಜಾತ್ರೆ ಮೂರು ವರ್ಷಕ್ಕೊಮ್ಮೆ ಅಲ್ವಾ? ಅವರಿಗಿಂತ ಜಾಸ್ತಿ ರಜೆ ನಮ್ಮ ಊರಿಗೇ ಸಿಗತ್ತೆ.

ಅನಘಾ: ಅಕ್ಕ, ಅದು ದೇವಿ ಕೃಪೆ. ಇವರದ್ದು ಹಸುವಿನ ಕೃಪೆ. ಆದ್ರೆ ಇನ್ನೊಂದು ಮುಖಾನೂ ಇದೆ. 2014ರಲ್ಲಿ ಟಾಯ್ಲೆಟ್ ನೀರಿನ ಟ್ಯಾಂಕ್ ಸೋರಿ ಪಕ್ಕದ ಹೊಳೆಗೆ ಸೇರಿ ಮೀನು ಸತ್ತವು, 2016ರಲ್ಲಿ ಕೋರ್ಟು ದಂಡ ಹಾಕ್ತು. 2019ರಲ್ಲಿ ಬ್ಯಾಂಗರ್ ವಿಶ್ವವಿದ್ಯಾಲಯದವರು ಅದೇ ವೈಟ್‌ಲೇಕ್ ಹೊಳೆ ನೀರು ಪರೀಕ್ಷೆ ಮಾಡಿದ್ರು. ಎಂಡಿಎಂಎ, ಕೊಕೇನ್ ಅನ್ನೋ ಮಾದಕ ವಸ್ತು ಎರಡೂ ಸಿಕ್ತು. ಅಲ್ಲಿನ ಹಾವುಮೀನಿನ ಬದುಕಿಗೇ ತೊಂದರೆ ಆಗಬಹುದು ಅಂದ್ರು.

ಶ್ರೀಪಾದ ಚಿಕ್ಕಪ್ಪ: ಹೊಳೆಗೆ ಹೇಗೆ ಹೋಯ್ತು ಅದು? ತಂದು ಸುರಿದ್ರಾ?

ಅನಘಾ: ಸುರಿಯೋದೇನು ಚಿಕ್ಕಪ್ಪ. ಟಾಯ್ಲೆಟ್ ಕ್ಯೂ ದೊಡ್ಡದು, ಬೇಲಿ ಹತ್ತಿರ.

ಶ್ರೀಪಾದ ಚಿಕ್ಕಪ್ಪ: ಓ.

ಸರೋಜ ದೊಡ್ಡಮ್ಮ: ಇದೇನು ಭಾನುವಾರ ಬೆಳಿಗ್ಗೆ ಮಾತು

ರಾಘು: ಅದು ಜನರ ತಪ್ಪು, ಉತ್ಸವದ್ದಲ್ಲ.

ಅನಘಾ: ಜನ ಬಿಟ್ರೆ ಉತ್ಸವ ಅಂತ ಇನ್ನೇನಿದೆ ರಾಘು? ಎರಡು ವರ್ಷದ ಹಿಂದೆ ಬೇರೆ ಒಂದು ಉತ್ಸವದಲ್ಲಿ, ಹೆಸರು ಬೇಡ, ಕಸ ಹೆಕ್ಕೋ ತಂಡಕ್ಕೆ ಸೇರಿದ್ದೆ. ಪಾಳಿ ಮಾಡಿದ್ರೆ ಟಿಕೆಟ್ ಪುಕ್ಕಟೆ. ಸೋಮವಾರ ಬೆಳಿಗ್ಗೆ ಗದ್ದೆ ನೋಡಿ ನಂಗೆ ಅಳು ಬಂತು. ನಿಂತೇ ಇರೋ ಗುಡಾರಗಳು, ಒಳಗೆ ಗಾಳಿ ತುಂಬಿದ ಹಾಸಿಗೆ, ಒಂದು ಜೊತೆ ಹೊಸ ಗಂಬೂಟು, ಮುಚ್ಚಳಾನೂ ತೆಗೀದ ಹುರುಳಿಕಾಯಿ ಡಬ್ಬ. ಮನೆಯೋರು ಕಾಫಿ ಕುಡಿಯೋಕೆ ಹೋದ ಹಾಗಿತ್ತು. ನಾವು ಮೂವತ್ತು ಜನ ಭುಜಕ್ಕೆ ಭುಜ ತಾಗಿಸಿ ಸಾಲಾಗಿ ನಡೀತಾ ಹುಲ್ಲಲ್ಲಿ ಬೆರಳಾಡಿಸಿ ಗುಡಾರದ ಮೊಳೆ ಹುಡುಕಬೇಕು. ಒಂದು ಉಳಿದ್ರೂ ಆಮೇಲೆ ದನದ ಹೊಟ್ಟೆಗೆ ಹೋಗತ್ತೆ. ಇಲ್ಲಿನ ಉತ್ಸವ ಸಂಘದವರ ಅಂದಾಜು ಪ್ರಕಾರ ಬ್ರಿಟನ್‌ನಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಗುಡಾರ ಹೀಗೆ ಬಿಟ್ಟು ಹೋಗ್ತಾರೆ. ಒಂದು ಗುಡಾರದ ಪ್ಲಾಸ್ಟಿಕ್ಕು ಅಂದ್ರೆ 8,750 ಸ್ಟ್ರಾ. ಮೂರು ದಿನ ಕಾಗದದ ಸ್ಟ್ರಾದಲ್ಲಿ ಕುಡಿದೋರೇ ಗುಡಾರ ಬಿಟ್ಟು ಹೋಗಿರ್ತಾರೆ.

ಶ್ರೀಪಾದ ಚಿಕ್ಕಪ್ಪ: ನಮ್ಮ ಹುಡುಗರು ಒಂದು ಗೂಟ ಬಿಟ್ಟು ಬಂದ್ರೂ ಕೂಲೀಲಿ ಹಿಡೀತಿದ್ದೆ. ಬಾಡಿಗೆ ಸಾಮಾನು ವಾಪಸ್ ಬರತ್ತೆ, ಕೊಂಡಿದ್ದು ಬರಲ್ಲ. ಆ ಗುಡಾರ ಬಾಡಿಗೆಗೆ ಕೊಟ್ಟು ಅಡ್ವಾನ್ಸ್ ಹಿಡ್ಕೊಂಡಿದ್ರೆ ಒಂದೂ ಉಳೀತಿರಲಿಲ್ಲ.

ಅನಘಾ: ಲೋಟಕ್ಕೆ ಹಾಗೇ ಮಾಡ್ತಾರೆ ಬಹಳ ಕಡೆ. ಡಿಪಾಸಿಟ್ ಕೊಟ್ಟು ತಗೋ, ಲೋಟ ಕೊಟ್ರೆ ದುಡ್ಡು ವಾಪಸ್. ನೆಲದಲ್ಲಿ ಒಂದೂ ಬಿದ್ದಿರಲ್ಲ, ಮಕ್ಕಳು ಹೆಕ್ಕಿ ತಂದು ಪಾಕೆಟ್ ಮನಿ ಮಾಡ್ಕೋತಾರೆ.

ರಾಘು: ಸರಿ, ಅಂದ್ರೆ ಸರಿ ಮಾಡಬಹುದು ಅಂತಾಯ್ತಲ್ಲ. ಬೆಂಗಳೂರಲ್ಲೇ ಎಕೋಸ್ ಆಫ್ ಅರ್ಥ್ ಅನ್ನೋ ಸಂಗೀತ ಉತ್ಸವ ನೋಡಿ, ಗುಜರಿ ಸಾಮಾನಲ್ಲೇ ಅಷ್ಟೆತ್ತರ ಪ್ರಾಣಿ ಮಾಡಿ ಸ್ಟೇಜ್ ಕಟ್ತಾರೆ.

ವಿನುತಕ್ಕ: ನೀನು ಅಲ್ಲಿಗೆ ಹೋಗಿದ್ದು ಹೇಗೆ?

ರಾಘು: ಕ್ಯಾಬಲ್ಲಿ. ಯಲಹಂಕದಿಂದ ಆಚೆ ಅಕ್ಕ, ಮೆಟ್ರೋ ಇಲ್ಲ.

ವಿನುತಕ್ಕ: ಕೋಲ್ಡ್‌ಪ್ಲೇಗೆ?

ರಾಘು: ...

ವಿನುತಕ್ಕ: 2025ರ ಜನವರಿ 26, ಅಹಮದಾಬಾದ್. ಸ್ಟೇಟಸ್ ಹಾಕಿದ್ದೆ. ವಿಮಾನದ ಕಿಟಕಿ, ರೆಕ್ಕೆ, ಮೋಡ. ನಾನೂ ಅದೇ ಶೋ ನೋಡಿದೆ, ಹಾಟ್‌ಸ್ಟಾರಲ್ಲಿ, ಚಕ್ಕುಲಿ ತಿಂತಾ.

ಶ್ರೀಪಾದ ಚಿಕ್ಕಪ್ಪ: ಹಾ! 59%ನಲ್ಲಿ ಇವನ ವಿಮಾನ ಸೇರಿದೆಯೋ?

ಅನಘಾ: ಸೇರಿಲ್ಲ ಚಿಕ್ಕಪ್ಪ. ಆ ಲೆಕ್ಕ ತಂಡದೋರ ಓಡಾಟ, ಸಾಮಾನು ಸಾಗಾಟ, ಶೋ ನಡೆಸೋದು ಇಷ್ಟಕ್ಕೇ. ಪ್ರೇಕ್ಷಕರು ಬರೋ ಹೋಗೋದು ಬೇರೆ. ಆದ್ರೆ ಇಂಥ ಕಾರ್ಯಕ್ರಮಗಳಲ್ಲಿ ದೊಡ್ಡ ಪಾಲು ಅದೇ. ಬ್ಯಾಟರಿ, ಸ್ಟ್ರಾ, ಲೋಟ ಎಲ್ಲ ಉಳಿದ ಚೂರಲ್ಲಿ ಬರೋದು.

ರಾಘು: ನಾನೊಬ್ಬ ಹೋಗದಿದ್ರೆ ವಿಮಾನ ನಿಲ್ತಿತ್ತಾ?

ವಿನುತಕ್ಕ: ಎಂಟನೇ ಕ್ಲಾಸಿನ ಮಕ್ಕಳೂ ಇದೇ ಹೇಳ್ತಾರೆ, ಹೋಮ್‌ವರ್ಕ್ ಕೇಳಿದಾಗ. ಬೆಂಗಳೂರು–ಅಹಮದಾಬಾದ್ ಹೋಗಿ ಬಂದ್ರೆ ತಲೆಗೆ ಅಂದಾಜು 200 ಕಿಲೋ ಇಂಗಾಲ. ಕರೆಂಟಿಗೆ ತಿರುಗಿಸಿದ್ರೆ ಗೃಹಜ್ಯೋತಿಯ 200 ಯೂನಿಟ್ ದಾಟತ್ತೆ. ನೀನು ಕುಣಿದು ಎಷ್ಟು ಮಾಡ್ದೆ?

ರಾಘು: ನಾನು ಕುಣಿಯೋ ನೆಲದ ಮೇಲೆ ಇರಲಿಲ್ಲ. ಮೇಲಿನ ಸ್ಟ್ಯಾಂಡಲ್ಲಿದ್ದೆ. ಎಲ್ರೂ ಸೇರ್ಕೊಂಡು ಬಯ್ಯೋದಾದ್ರೆ ಬಯ್ರಿ. ಆದ್ರೆ ಒಂದು ಹೇಳಿ, ಲಕ್ಷ ಜನ ಒಟ್ಟಿಗೆ ಒಂದು ಹಾಡು ಹೇಳೋದು ಹಾಟ್‌ಸ್ಟಾರಲ್ಲಿ ಬರತ್ತಾ? ಚಿಕ್ಕಪ್ಪ, ನೀವೇ ಯಕ್ಷಗಾನ ಟೀವೀಲಿ ನೋಡೋದು ಯಕ್ಷಗಾನವೇ ಅಲ್ಲ ಅಂತೀರಿ.

ಶ್ರೀಪಾದ ಚಿಕ್ಕಪ್ಪ: ಅದು ಹೌದು. ಚೆಂಡೆ ಎದೆಗೆ ಬಡೀಬೇಕು.

ಅನಘಾ: ಹೋಗಬೇಡಿ ಅಂತಲ್ಲ ರಾಘು. ಹೇಗೆ ಬರ್ತಾರೆ ಅನ್ನೋದನ್ನ ನಡೆಸೋರು ಟಿಕೆಟ್ ಮಾರೋವಾಗಲೇ ತೀರ್ಮಾನಿಸಬಹುದು. ಗ್ಲಾಸ್ಟನ್‌ಬರಿಯಲ್ಲಿ ಬಸ್ಸಿನ ಸೀಟು ಸೇರಿದ ಟಿಕೆಟ್ ಮೊದಲು ಮಾರ್ತಾರೆ, ಉಳಿದೋರಿಗೆ ಆಮೇಲೆ. ಟಿಕೆಟ್ ಸಿಗೋದೇ ಕಷ್ಟ, ಹಾಗಾಗಿ ಜನ ಬಸ್ಸು ಹತ್ತೇ ಹತ್ತಾರೆ. 2024ರ ಆಗಸ್ಟ್‌ನಲ್ಲಿ ಮ್ಯಾಸಿವ್ ಅಟ್ಯಾಕ್ ತಂಡದೋರು ಇಲ್ಲೇ ಬ್ರಿಸ್ಟಲಿನ ದೊಡ್ಡ ಮೈದಾನದಲ್ಲಿ ಮಾಡಿದ್ರು. ಕಾರ್ ಪಾರ್ಕಿಂಗೇ ಕೊಡಲಿಲ್ಲ. ಟಿಕೆಟ್ ಮೊದಲು ಈ ಭಾಗದ ಪಿನ್‌ಕೋಡ್ ಇರೋರಿಗೆ. ಸ್ಟೇಜು ಪೂರ್ತಿ ಬ್ಯಾಟರಿ, ಮುಗಿದ ಮೇಲೆ ಹೆಚ್ಚುವರಿ ರೈಲು. ನಾನು ನಡ್ಕೊಂಡು ಹೋಗಿ ನಡ್ಕೊಂಡು ಬಂದೆ. ಮಳೆ ಹೊಡೀತು, ಚಪ್ಪಲಿ ಕಿತ್ತೋಯ್ತು, ಅದು ಬೇರೆ.

ರಾಘು: ಅಹಮದಾಬಾದಿಗೂ ಮುಂಬೈಯಿಂದ ವಿಶೇಷ ರೈಲು ಬಿಟ್ಟಿದ್ರು. ಬೆಂಗಳೂರಿಂದ ಬಿಟ್ಟಿದ್ರೆ ನಾನೂ ಹತ್ತಿರ್ತಿದ್ದೆ.

ವಿನುತಕ್ಕ: ಒಂದೂವರೆ ದಿನದ ರೈಲು. ನೀನು. ಹತ್ತಿರ್ತಿದ್ದೆ.

ಅನಘಾ: ಅಕ್ಕ, ಅದನ್ನ ಬಿಡು. ಅಷ್ಟು ದೂರದ ಊರಿಂದ ಜನ ಬರಲೇಬೇಕು ಅನ್ನೋ ಗಾತ್ರದ ಶೋ ಹಸಿರಾಗೋದು ಕಷ್ಟ ಅಂತಾನೇ ನಂಗೂ ಅನ್ಸತ್ತೆ. ಒಂದು ದೇಶಕ್ಕೆ ಎರಡೇ ಊರು ಅಂತ ಇಟ್ರೆ ಮಿಕ್ಕವರೆಲ್ಲ ಹಾರಿ ಬರಲೇಬೇಕು. ಹತ್ತು ಊರಲ್ಲಿ ಚಿಕ್ಕದಾಗಿ ಮಾಡಿದ್ರೆ ತಂಡದ ಲಾರಿ ಹೆಚ್ಚು ಓಡತ್ತೆ, ಜನ ಕಮ್ಮಿ ಓಡ್ತಾರೆ. ಆದ್ರೆ ತಂಡದ 59% ಲೆಕ್ಕ ಆಗ ಕೆಟ್ಟು ಹೋಗತ್ತೆ, ಯಾಕಂದ್ರೆ ಅದ್ರಲ್ಲಿ ಲಾರಿ ಸೇರತ್ತೆ, ಜನರ ಓಡಾಟ ಸೇರಲ್ಲ.

ಶ್ರೀಪಾದ ಚಿಕ್ಕಪ್ಪ: ಇದು ಸರಿಯಾದ ಮಾತು. ಮೇಳ ಊರೂರಿಗೆ ಹೋಗೋದು ಅದಕ್ಕೇ.

ಸರೋಜ ದೊಡ್ಡಮ್ಮ: ರಾಘು, ಶೋಕೇಸಲ್ಲಿ ಗಣಪತಿ ಪಕ್ಕ ಇಟ್ಟಿದ್ಯಲ್ಲ ಬಿಳೀ ಕೈಪಟ್ಟಿ, ಅದು ಆ ಹಾಡಿನೋರದ್ದಾ? ಕೆಲಸದವಳು ಒರೆಸುವಾಗ ಕೆಳಗೆ ಬಿತ್ತು

ವಿನುತಕ್ಕ: ಯಾವ ಕೈಪಟ್ಟಿ?

ಅನಘಾ: ಅಯ್ಯೋ ರಾಘು. ಶೋನಲ್ಲಿ ಎಲ್ರ ಕೈಗೂ ಕಟ್ಟೋ ಮಿನುಗೋ ಪಟ್ಟಿ ಅದು, ವಾಪಸ್ ಕೊಡಬೇಕಿತ್ತು! ಸರಾಸರಿ 86% ಜನ ಕೊಟ್ಟಿದಾರೆ ಅಂತ ಅದೇ ವರದೀಲಿದೆ, ನೀನೇ ಕಳಿಸಿದ್ದು.

ರಾಘು: ಗೇಟಲ್ಲಿ ನೂಕುನುಗ್ಗಲಿತ್ತು. ಡಬ್ಬ ಹುಡುಕೋಕಾಗಲಿಲ್ಲ.

ಶ್ರೀಪಾದ ಚಿಕ್ಕಪ್ಪ: ಅಡ್ವಾನ್ಸ್ ಹಿಡೀಬೇಕಿತ್ತು ಅಂದ್ನಲ್ಲ ನಾನು.

ವಿನುತಕ್ಕ: ಗಣಪತಿ ಪಕ್ಕ ಇಡೋಷ್ಟು ನೂಕುನುಗ್ಗಲು.

ಶ್ರೀಪಾದ ಚಿಕ್ಕಪ್ಪ: ಸರಿ, ಜಗಳ ಸಾಕು. ಮುಂದಿನ ತಿಂಗಳು ಉಪನಯನಕ್ಕೆ ಬೆಂಗಳೂರಿಂದ ಯಾರ್ಯಾರು, ಹೇಗೆ ಬರ್ತೀರಿ ಹೇಳಿ. ನಾಲ್ಕು ಕಾರು ಹೊರಡ್ತಿದೆ ಅಂತ ಸುದ್ದಿ ಬಂದಿದೆ ನಂಗೆ.

ರಾಘು: ತಾಳಗುಪ್ಪ ರೈಲಿಗೆ ನೋಡಿದೆ ಚಿಕ್ಕಪ್ಪ. ವೇಟಿಂಗ್ 38.

ಶ್ರೀಪಾದ ಚಿಕ್ಕಪ್ಪ: ಹಾಗಾದ್ರೆ ಎರಡೇ ಕಾರು, ಐದೈದು ಜನ. ಬರುವಾಗ ಆ ಪಟ್ಟಿ ತಗೊಂಡ್ ಬಾ. ಒಳಗೆ ಎಂಥ ಬ್ಯಾಟರಿ ಹಾಕಿದಾರೆ, ಬಿಚ್ಚಿ ನೋಡಣ.